ಕಡು, ಕೆಚ್ಚು, ಛಲ

ಪದಾರ್ಥದ ಗುಣವನ್ನು ಹೇಳುವ ಮಾತೇ ಮನುಷ್ಯನ ಗುಣವನ್ನೂ ಹೇಳುವುದು ಎಲ್ಲ ಭಾಷೆಗಳಲ್ಲಿಯೂ ಕಂಡುಬರುವ ಸಂಗತಿ. ಕಲ್ಲು ಗಟ್ಟಿ, ಮನಸ್ಸೂ ಗಟ್ಟಿ. ಬೆಣ್ಣೆ ಮೃದು, ಮಾತೂ ಮೃದು. ಕಣ್ಣಿಗೆ ಕಾಣುವ ವಸ್ತುವಿನಿಂದ ಕಣ್ಣಿಗೆ ಕಾಣದ ಸ್ವಭಾವಕ್ಕೆ ಮಾತು ಹೀಗೆ ದಾಟುವಾಗ ಅದರ ಅರ್ಥದಲ್ಲಿ ಸೂಕ್ಷ್ಮವಾದ ಬದಲಾವಣೆಗಳಾಗುತ್ತವೆ. ಬೈಗುಳಾಗಿದ್ದುದು ಹೊಗಳಿಕೆಯಾಗಬಹುದು, ಹೊಗಳಿಕೆಯಲ್ಲಿ ಒಂದಿಷ್ಟು ಭಯ ಬೆರೆಯಬಹುದು. ಬಲ, ತೀವ್ರತೆ, ಹಿಡಿದದ್ದನ್ನು ಬಿಡದ ಸ್ವಭಾವ, ಈ ಮೂರನ್ನು ಸೂಚಿಸುವ ಕೆಲವು ಮಾತುಗಳನ್ನು ಇಲ್ಲಿ ಪರಿಶೀಲಿಸೋಣ. ಅವುಗಳಲ್ಲಿ ಹೆಚ್ಚಿನವು ನಮ್ಮವು. ಒಂದು ಮಾತ್ರ ದೂರದ ಕೊರಿಯ ದೇಶದ್ದು.

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಸಂಚರಿಸುವವರ ಕಿವಿಗೆ ದಿನಕ್ಕೆ ಹತ್ತು ಬಾರಿಯಾದರೂ ಬೀಳುವ ಮಾತು ‘ಖಡಕ್’. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ತೇವವೆಲ್ಲ ಆರುವಂತೆ ಒಣಗಿಸಿದರೆ ಅದು ಖಡಕ್ ರೊಟ್ಟಿ. ಮುರಿದರೆ ಸದ್ದಾಗುತ್ತದೆ, ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಪುಡಿ ಹೆಚ್ಚಾಗಿ ಹಾಕಿ ಚೆನ್ನಾಗಿ ಕುದಿಸಿದ ಚಹಾ ಖಡಕ್ ಚಹಾ. ಚೈತ್ರ ವೈಶಾಖಗಳಲ್ಲಿ ನೆತ್ತಿಯನ್ನು ಸುಡುವ ಬಿಸಿಲು ಖಡಕ್ ಬಿಸಿಲು. ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ ಖಡಕ್. ಲಂಚಕ್ಕಾಗಲಿ ಶಿಫಾರಸ್ಸಿಗಾಗಲಿ ಮಣಿಯದ ಅಧಿಕಾರಿ ಬಂದರೆ ಅವನೂ ಖಡಕ್ ಮನುಷ್ಯನೇ. ಅವನನ್ನು ಜನ ಮೆಚ್ಚಿಕೊಳ್ಳುತ್ತಾರೆ, ಆದರೆ ಅವನ ಮುಂದೆ ಹೆಚ್ಚು ಹೊತ್ತು ನಿಲ್ಲಲು ಇಚ್ಛಿಸುವುದಿಲ್ಲ!

ಈ ಮಾತು ಮರಾಠಿಯ ‘ಕಡಕ’ ಶಬ್ದದಿಂದ ಬಂದಿದೆ. ಮುಧೋಳವು ಘೋರ್ಪಡೆ ಮನೆತನದ, ಜಮಖಂಡಿಯು ಪಟವರ್ಧನ ಮನೆತನದ ಸಂಸ್ಥಾನಗಳಾಗಿದ್ದವು. 1948ರಲ್ಲಿ ಅವು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಕನ್ನಡ ನಾಡು ಒಂದಾದಾಗ ವಿಜಾಪುರ ಜಿಲ್ಲೆಯೊಡನೆ ಇತ್ತ ಬಂದವು. 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿವೆ. ಆಡಳಿತದ ಭಾಷೆ ಮರಾಠಿ, ಮನೆಯ ಭಾಷೆ ಕನ್ನಡ ಎಂಬ ಸ್ಥಿತಿ ಬಹುಕಾಲ ಇದ್ದ ಕಡೆ ಶಬ್ದಗಳು ಗಡಿಯನ್ನು ಲೆಕ್ಕಿಸದೆ ಓಡಾಡುವುದು ಸಹಜ. ಆದರೆ ಮರಾಠಿಯ ಅಲ್ಪಪ್ರಾಣ ‘ಕ’ಕಾರವನ್ನು ನಮ್ಮವರು ಮಹಾಪ್ರಾಣ ‘ಖ’ಕಾರವನ್ನಾಗಿ ಮಾಡಿಕೊಂಡಿರುವುದು ಕುತೂಹಲಕರವಾಗಿದೆ. ಅರ್ಥದಲ್ಲಿರುವ ಬಿರುಸು ಉಚ್ಚಾರದಲ್ಲಿಯೂ ಇರಲಿ ಎಂದು ನಾಲಗೆ ಬಯಸಿತೋ ಏನೋ.

ಈಗ ಕೊರಿಯದ ಮಾತಿಗೆ ಬರೋಣ. ಆ ಭಾಷೆಯಲ್ಲಿ ‘ದೊಖಾದ’ ಎಂಬ ಒಂದು ಗುಣವಾಚಕವಿದೆ. ಕೊರಿಯನ್ನರು ಅದನ್ನು ಬರೆಯುವುದು ಸೇಜೋಂಗ್ ದೊರೆ 1446ರಲ್ಲಿ ಪ್ರಕಟಪಡಿಸಿದ ಹಂಗುಲ್ ಎಂಬ ತಮ್ಮದೇ ಲಿಪಿಯಲ್ಲಿ. ಆದರೆ ಶಬ್ದದ ಮೊದಲ ಭಾಗವಾದ ‘ದೋಕ್’ ಚೀನೀ ಭಾಷೆಯಿಂದ ಬಂದುದು. ಅದರ ಅರ್ಥ ವಿಷ. ಕೊನೆಯ ಭಾಗ ಅದನ್ನು ಗುಣವಾಚಕವನ್ನಾಗಿ ಮಾಡುತ್ತದೆ. ಹಾಗಾಗಿ ಅಕ್ಷರಶಃ ಹೇಳುವುದಾದರೆ ‘ವಿಷವುಳ್ಳದ್ದು’ ಎಂದಾಯಿತು. ವಾಡಿಕೆಯಲ್ಲಿ ಮಾತ್ರ ಅದು ಬಹುದೂರ ನಡೆದಿದೆ. ಗಂಟಲನ್ನು ಸುಡುವ ಮದ್ಯ ದೊಖಾದ. ಹೊಟ್ಟೆ ತಾಳಲಾರದಷ್ಟು ತೀಕ್ಷ್ಣವಾದ ಔಷಧ, ಮೂಗನ್ನು ಹಿಂಡುವ ಘಾಟು, ಹಾಸಿಗೆ ಹಿಡಿಸುವ ನೆಗಡಿ, ಇವೆಲ್ಲವೂ ದೊಖಾದ. ಮುಧೋಳದ ಖಡಕ್ ಚಹಾದಂತೆಯೇ ಇಲ್ಲಿಯವರೆಗೆ ಅದು ಪದಾರ್ಥದ ತೀವ್ರತೆ. ಮನುಷ್ಯನಿಗೆ ಅನ್ವಯಿಸಿದಾಗ ಅದಕ್ಕೆ ಎರಡು ಮುಖಗಳು ಹುಟ್ಟುತ್ತವೆ. ಒಂದು, ಕರುಣೆಯಿಲ್ಲದವನು, ಮನಸ್ಸು ಕರಗದವನು ಎಂಬ ಅರ್ಥ. ಇನ್ನೊಂದು, ಯಾವ ಕಷ್ಟ ಬಂದರೂ ತನ್ನ ನಿಶ್ಚಯದಿಂದ ಕದಲದವನು ಎಂಬ ಅರ್ಥ. ಇವೆರಡೂ ಬೇರೆಬೇರೆಯಾಗಿ ಇರುವುದಿಲ್ಲ. ಒಂದೇ ಮಾತಿನಲ್ಲಿ ಬೆರೆತಿರುತ್ತವೆ.

ಬಹುಕಾಲದ ಧೂಮಪಾನದ ಚಟವನ್ನು ಒಂದೇ ದಿನದಲ್ಲಿ ಬಿಟ್ಟು, ಮತ್ತೆ ಅತ್ತ ತಿರುಗಿ ನೋಡದವನನ್ನು ಕೊರಿಯನ್ನರು ಈ ಮಾತಿನಿಂದ ಕರೆಯುವುದುಂಟು. ಅಂಥವನ ಸಹವಾಸವೇ ಬೇಡ ಎಂದು ನಗೆಯಾಡುವುದೂ ಉಂಟು. ತನ್ನ ಆಸೆಯನ್ನೇ ಇಷ್ಟು ನಿರ್ದಯವಾಗಿ ಹಿಸುಕಬಲ್ಲವನು ಇತರರನ್ನು ಬಿಟ್ಟಾನೆಯೇ ಎಂಬುದು ಆ ನಗೆಯ ಹಿಂದಿರುವ ತರ್ಕ. ಹಗಲಿರುಳೆನ್ನದೆ ಪರೀಕ್ಷೆಗೆ ಓದುವ ವಿದ್ಯಾರ್ಥಿಗೂ ಇದೇ ಮಾತು. ‘ಈ ಬಾರಿ ವಿಷದಂತೆ ಮನಸ್ಸನ್ನು ತಿಂದೆ’ ಎಂದು ಒಬ್ಬ ಕೊರಿಯನ್ನನು ಹೇಳಿದರೆ ನಾವು ಬೆಚ್ಚಬೇಕಾದ್ದಿಲ್ಲ. ಅವರಲ್ಲಿ ‘ಮನಸ್ಸನ್ನು ತಿನ್ನು’ ಎಂದರೆ ನಿಶ್ಚಯ ಮಾಡು ಎಂದರ್ಥ. ವಿಷದಂತೆ ತಿನ್ನುವುದೆಂದರೆ ದೃಢವಾಗಿ ನಿಶ್ಚಯಿಸುವುದು. ನಾವು ಮನಸ್ಸನ್ನು ತಿನ್ನುವುದಿಲ್ಲ, ಮಾಡುತ್ತೇವೆ. ಇನ್ನೂ ಒತ್ತಿ ಹೇಳಬೇಕಾದಾಗ ಮನಸ್ಸು ಗಟ್ಟಿ ಮಾಡುತ್ತೇವೆ. ಅದೂ ಸಾಲದೆ ಹೋದಾಗ ಎದೆಯನ್ನು ಕಲ್ಲು ಮಾಡಿಕೊಳ್ಳುತ್ತೇವೆ. ಓದಿಗೋ ದುಡಿಮೆಗೋ ಮಗನನ್ನು ದೂರದ ಊರಿಗೆ ಕಳಿಸುವ ತಾಯಿ ಎದೆಯನ್ನು ಕಲ್ಲು ಮಾಡಿಕೊಂಡಳು ಎಂದಾಗ ಅವಳನ್ನು ನಿರ್ದಯಳೆಂದು ಯಾರೂ ತಿಳಿಯುವುದಿಲ್ಲ. ಕಲ್ಲು ಇಲ್ಲಿ ಅವಳ ದುಃಖದ ಅಳತೆಯಾಗಿದೆ.

ಕೊರಿಯದವರು ಗಟ್ಟಿತನಕ್ಕೆ ಖಾರವನ್ನೂ ಬಳಸುತ್ತಾರೆ. ಚಿಕ್ಕ ಮೆಣಸಿನಕಾಯಿಯೇ ಖಾರ ಎಂಬುದು ಅವರಲ್ಲಿ ರೂಢಿಯಲ್ಲಿರುವ ಗಾದೆ. ಗಾತ್ರದಲ್ಲಿ ಸಣ್ಣವನಾದರೂ ಕೆಲಸದಲ್ಲಿ ಗಟ್ಟಿಗ ಎಂದು ಅದರ ಭಾವ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ನಮ್ಮ ಗಾದೆ ಇದಕ್ಕೆ ಸಮೀಪದ್ದು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ; ಹದಿನಾರನೆಯ ಶತಮಾನದಿಂದ ಈಚೆಗಷ್ಟೇ ಅದು ಏಷ್ಯದ ನಾಡುಗಳಿಗೆ ಹರಡಿತು. ಎಂದ ಮೇಲೆ ಆ ಗಾದೆಗೆ ಹೆಚ್ಚು ವಯಸ್ಸಾಗಿರಲಾರದು.

ವಿಷದ ಹೆಸರು ತೀವ್ರತೆಗೆ ಹೆಸರಾದುದು ಕೊರಿಯದ ವಿಚಿತ್ರವೆಂದು ನಾವು ಭಾವಿಸಬಹುದು. ಆದರೆ ನಮ್ಮ ಮನೆಯಲ್ಲಿಯೇ ಅದಕ್ಕೆ ಸಾಕ್ಷ್ಯವಿದೆ. ಕನ್ನಡದಲ್ಲಿ ‘ಕಡು’ ಎಂಬ ಚಿಕ್ಕ ಮಾತೊಂದಿದೆ. ಅದು ಒಂಟಿಯಾಗಿ ಬರುವುದು ಅಪರೂಪ. ಇನ್ನೊಂದು ಶಬ್ದದ ಹಿಂದೆ ನಿಂತು ಅದಕ್ಕೆ ಬಲವನ್ನು ತುಂಬುತ್ತದೆ. ಕಡುಗೆಂಪು, ಕಡುಗಪ್ಪು, ಕಡುಬಿಸಿಲು, ಕಡುಬಡತನ, ಕಡುವೈರಿ, ಕಡುಗಲಿ. ಒಳ್ಳೆಯದು ಕೆಟ್ಟದ್ದು ಎಂಬ ಭೇದ ಅದಕ್ಕಿಲ್ಲ; ಯಾವುದರ ಜೊತೆ ನಿಲ್ಲಿಸಿದರೂ ಅದರ ಕೊನೆಯ ಅಂಚನ್ನು ಮುಟ್ಟಿಸುತ್ತದೆ. ಈ ಶಬ್ದ ದ್ರಾವಿಡ ಭಾಷೆಗಳ ಸಮಾನ ಆಸ್ತಿ. ತಮಿಳಿನಲ್ಲಿ ‘ಕಡು’ ಎಂಬುದಕ್ಕೆ ತೀವ್ರವಾದದ್ದು ಎಂಬ ಅರ್ಥದ ಜೊತೆಗೆ ಕಹಿ, ಮುಳ್ಳು, ವಿಷ ಎಂಬ ಅರ್ಥಗಳೂ ಇವೆ. ಸಂಸ್ಕೃತದ ‘ತೀಕ್ಷ್ಣ’ವನ್ನು ನೋಡಿದರೂ ಇದೇ ಕಥೆ. ಹರಿತವಾದದ್ದು ಎಂಬ ಅರ್ಥದ ಆ ಶಬ್ದಕ್ಕೆ ಅಮರಕೋಶವು ವಿಷ, ಯುದ್ಧ, ಕಬ್ಬಿಣ ಎಂಬ ಅರ್ಥಗಳನ್ನೂ ಕೊಟ್ಟಿದೆ. ಒಂದರೊಡನೊಂದು ಸಂಬಂಧವಿಲ್ಲದ ಮೂರು ಭಾಷೆಗಳ ಜನ, ನಾಲಗೆಗೆ ತಾಗಿದ ಒಂದು ಹನಿ ಒಡಲನ್ನೆಲ್ಲ ವ್ಯಾಪಿಸುವ ಬಗೆಯನ್ನು ಕಂಡು, ತೀವ್ರತೆಗೆ ಅದಕ್ಕಿಂತ ತಕ್ಕ ಹೋಲಿಕೆಯಿಲ್ಲವೆಂದು ತಿಳಿದಿದ್ದಾರೆ. ಭೇದವೊಂದಿದೆ. ಕೊರಿಯದವನಿಗೆ ತನ್ನ ಮಾತಿನಲ್ಲಿರುವ ವಿಷದ ನೆನಪು ಇನ್ನೂ ಇದೆ. ಕಡುಗಲಿ ಎನ್ನುವ ಕನ್ನಡಿಗನಿಗೆ ಅಂಥ ನೆನಪು ಏನೂ ಇಲ್ಲ.

ಕನ್ನಡದ ಮನಸ್ಸು ಧೈರ್ಯಕ್ಕೆ ಹೋಲಿಕೆಯನ್ನು ಹುಡುಕಿದ್ದು ವಿಷದಲ್ಲಲ್ಲ, ಮರದಲ್ಲಿ. ‘ಕೆಚ್ಚು’ ಎಂದರೆ ಮೂಲತಃ ಮರದ ತಿರುಳಿನ ಗಟ್ಟಿಯಾದ ಭಾಗ. ಬೆಳೆದ ಮರವನ್ನು ಅಡ್ಡಲಾಗಿ ಕೊಯ್ದರೆ ತೊಗಟೆಯ ಒಳಗೆ ತಿಳಿಬಣ್ಣದ ಮೆದುವಾದ ಸುತ್ತು, ಅದರ ನಡುವೆ ಗಾಢಬಣ್ಣದ ಗಟ್ಟಿಯಾದ ಭಾಗ ಕಾಣುತ್ತದೆ. ಹೊರಗಿನ ಸುತ್ತಿನ ಮೂಲಕ ನೀರು ಬೇರಿನಿಂದ ಎಲೆಗೆ ಏರುತ್ತದೆ. ವರ್ಷಗಳು ಕಳೆದಂತೆ ಒಳಗಿನ ಜೀವಕೋಶಗಳು ನೀರನ್ನು ಸಾಗಿಸುವ ಕೆಲಸವನ್ನು ನಿಲ್ಲಿಸಿ, ಅಂಟು ರಾಳಗಳಿಂದ ತುಂಬಿಕೊಂಡು ಗಟ್ಟಿಯಾಗುತ್ತವೆ. ಆ ರಾಳದ ದೆಸೆಯಿಂದಲೇ ಹುಳು, ಗೆದ್ದಲುಗಳು ಅದನ್ನು ಸುಲಭವಾಗಿ ತಿನ್ನಲಾರವು. ಬಾಗಿಲ ಚೌಕಟ್ಟಿಗೆ, ಬಂಡಿಯ ಅಚ್ಚಿಗೆ, ನೇಗಿಲಿಗೆ ಬಡಿಗನು ಆರಿಸುವುದು ಈ ಭಾಗವನ್ನೇ. ಎಳೆಯ ಮರದಲ್ಲಿ ಅದು ಇರುವುದಿಲ್ಲ. ಬಿಸಿಲು ಮಳೆಗಳನ್ನು ಉಂಡ ಮೇಲೆಯೇ ಅದು ಕೂಡಿಕೊಳ್ಳುತ್ತದೆ. ಇಂಥ ತಿರುಳುಳ್ಳ ಎದೆ ಕೆಚ್ಚೆದೆ.

ಈ ಹೋಲಿಕೆಯನ್ನು ಕಂಡುಕೊಂಡವರು ನಾವಷ್ಟೇ ಅಲ್ಲ. ಸಂಸ್ಕೃತದಲ್ಲಿ ‘ಸಾರ’ ಎಂದರೆ ಮರದ ತಿರುಳು, ಬಲ, ಸತ್ವ, ನಿಸ್ಸಾರವಾದದ್ದೆಂದರೆ ತಿರುಳಿಲ್ಲದ್ದು. ಲ್ಯಾಟಿನ್ ಭಾಷೆಯಲ್ಲಿ ‘ರೋಬುರ್’ ಎಂದರೆ ಓಕ್ ಮರ, ಅದರ ಗಟ್ಟಿ ದಾರು, ಅದರಿಂದ ಬಲ ಎಂದು ಅರ್ಥ. ಇಂಗ್ಲಿಷಿನ ‘ರೋಬಸ್ಟ್’ ಶಬ್ದ ಅದರ ಸಂತತಿ. ಉತ್ತರ ಯೂರೋಪಿನ ಫಿನ್ಲೆಂಡಿನವರಲ್ಲಿ ‘ಸಿಸು’ ಎಂಬ ಮಾತು ಪ್ರಸಿದ್ಧವಾಗಿದೆ. ಒಳಗಿನದು, ಒಡಲಿನದು ಎಂಬ ಅರ್ಥದಿಂದ ಹೊರಟು, ಎಲ್ಲ ಬಲವೂ ತೀರಿದ ಮೇಲೆ ಒಳಗಿನಿಂದ ಏಳುವ ಸೈರಣೆ ಎಂಬ ಅರ್ಥಕ್ಕೆ ಅದು ಬಂದಿದೆ. 1939-40ರ ಚಳಿಗಾಲದಲ್ಲಿ ತಮಗಿಂತ ಬಹುಪಾಲು ದೊಡ್ಡದಾದ ಸೋವಿಯತ್ ಸೈನ್ಯವನ್ನು ಆ ಚಿಕ್ಕ ದೇಶದವರು ಹಿಮದಲ್ಲಿ ನಿಂತು ಎದುರಿಸಿದಾಗ ಈ ಮಾತು ಜಗತ್ತಿಗೆಲ್ಲ ಪರಿಚಯವಾಯಿತು. ಕೆಚ್ಚಿನಲ್ಲಿ ನಿಂದೆಯ ಸೋಂಕು ಇಲ್ಲ. ಅದು ಒಬ್ಬನಲ್ಲಿ ಅತಿಯಾಯಿತೆಂದು ಯಾರೂ ದೂರುವುದಿಲ್ಲ.

‘ಛಲ’ದ ವಿಷಯ ಬೇರೆ. ಕನ್ನಡದಲ್ಲಿ ಈ ಮಾತಿನಷ್ಟು ಸೋಜಿಗದ ಚರಿತ್ರೆಯುಳ್ಳ ಶಬ್ದಗಳು ಹೆಚ್ಚಿಲ್ಲ. ಸಂಸ್ಕೃತದಲ್ಲಿ ಛಲವೆಂದರೆ ಮೋಸ, ಕಪಟ, ನೆಪ. ನ್ಯಾಯಶಾಸ್ತ್ರವು ಹೇಳುವ ಹದಿನಾರು ಪದಾರ್ಥಗಳಲ್ಲಿ ಛಲವೂ ಒಂದು. ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥವನ್ನು ಹಚ್ಚಿ ಅವನನ್ನು ಸೋಲಿಸುವುದು. ‘ಈ ಹುಡುಗನದು ನವಕಂಬಲ’ ಎಂದು ಒಬ್ಬನು ಹೇಳುತ್ತಾನೆ. ಹೊಸ ಕಂಬಳಿ ಹೊದ್ದಿದ್ದಾನೆ ಎಂಬುದು ಅವನ ಅಭಿಪ್ರಾಯ. ನವ ಎಂದರೆ ಒಂಬತ್ತು ಎಂದೂ ಆಗುವುದರಿಂದ ಎದುರಾಳಿಯು, ‘ಒಂಬತ್ತು ಕಂಬಳಿಗಳೆಲ್ಲಿ? ಇರುವುದು ಒಂದೇ’ ಎಂದು ಆಕ್ಷೇಪಿಸುತ್ತಾನೆ. ಇದು ಛಲ. ಇನ್ನು ಮಹಾಪ್ರಾಣವನ್ನು ಬಿಟ್ಟು ‘ಚಲ’ ಎಂದರೆ ಸಂಸ್ಕೃತದಲ್ಲಿ ಕದಲುವುದು. ಚಂಚಲ ಅದರ ಬಂಧು, ಅಚಲ ಅದರ ವಿರುದ್ಧ. ಹಳಗನ್ನಡದ ಕವಿಗಳಾದರೋ ಹಿಡಿದದ್ದನ್ನು ಬಿಡದಿರುವ ಗುಣಕ್ಕೆ ಬಳಸಿದ ಶಬ್ದ ‘ಚಲ’ ಎಂಬುದೇ. ಹೀಗೆ ಕದಲುವುದನ್ನು ಹೇಳುವ ಶಬ್ದದ ರೂಪದಲ್ಲಿಯೇ ಕದಲದಿರುವುದನ್ನೂ, ಕಪಟವನ್ನು ಹೇಳುವ ಶಬ್ದದ ರೂಪದಲ್ಲಿಯೇ ನೇರವಾದ ನಿಶ್ಚಯವನ್ನೂ ಕನ್ನಡ ಹೇಳುತ್ತ ಬಂದಿದೆ. ತೆಲುಗಿನ ‘ಚಲಮು’ ಶಬ್ದಕ್ಕೂ ಹಠ, ಮಾತ್ಸರ್ಯ ಎಂಬ ಅರ್ಥಗಳಿವೆ. ಮೋಸದ ಅರ್ಥ ಕನ್ನಡದ ಆಡುಮಾತಿನಲ್ಲಿ ಉಳಿದಿಲ್ಲ. ನಮ್ಮವನೊಬ್ಬನನ್ನು ಛಲಗಾರ ಎಂದರೆ ಅವನು ಹಿಗ್ಗುತ್ತಾನೆ.

ಈ ಛಲಕ್ಕೆ ಕನ್ನಡದಲ್ಲಿ ಅತಿ ಎತ್ತರದ ಪ್ರತಿಮೆಯನ್ನು ಕಟ್ಟಿದವನು ಮುಧೋಳದವನೇ ಎಂಬುದು ಆಕಸ್ಮಿಕವಿರಬಹುದು. ಆದರೂ ನೆನೆಯಲು ಸಂತೋಷವಾಗುತ್ತದೆ. ರನ್ನನು 949ರಲ್ಲಿ ಆ ಕಾಲಕ್ಕೆ ಮುದುವೊಳಲು ಎನಿಸಿದ್ದ ಈ ಊರಿನಲ್ಲಿ ಜನಿಸಿದನು. ಬಳೆಗಾರರ ಕುಲ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಅಣ್ಣಂದಿರಲ್ಲಿ ಒಬ್ಬನ ಹೆಸರು ದೃಢಬಾಹು. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗುವ ವೃತ್ತಿಯ ಮನೆಯಲ್ಲಿ ಹುಟ್ಟಿದ ಹುಡುಗ ವಿದ್ಯೆಯನ್ನು ಅರಸಿ ನೂರಾರು ಮೈಲಿ ದೂರದ ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರಲ್ಲಿ ಶಿಷ್ಯನಾದನು. ಗೊಮ್ಮಟನ ಮಹಾಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಆಶ್ರಯ ಅವನಿಗೆ ದೊರೆಯಿತು. ಮುಂದೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. ದಾನಚಿಂತಾಮಣಿ ಅತ್ತಿಮಬ್ಬೆಯ ಇಚ್ಛೆಯಂತೆ 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ತನ್ನನ್ನು ಪೊರೆದ ಇಬ್ಬರ ನೆನಪಿಗಾಗಿ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು.

ಅವನ ಇನ್ನೊಂದು ಕಾವ್ಯ ಸಾಹಸಭೀಮವಿಜಯ; ಗದಾಯುದ್ಧವೆಂದೇ ಅದು ಪ್ರಸಿದ್ಧ. ಚಾಲುಕ್ಯ ರಾಜಕುಮಾರನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ ಬರೆದುದರಿಂದ ಭೀಮನೇ ಅದರ ನಾಯಕನಾಗಬೇಕು. ಹೆಸರೂ ಹಾಗೆಯೇ ಇದೆ. ಆದರೆ ಪುಸ್ತಕವನ್ನು ಮುಚ್ಚಿದ ಮೇಲೆ ಓದುಗನ ಕಣ್ಣ ಮುಂದೆ ನಿಲ್ಲುವವನು ದುರ್ಯೋಧನ. ಯುದ್ಧ ಮುಗಿಯುತ್ತ ಬಂದಿದೆ. ಹನ್ನೊಂದು ಅಕ್ಷೌಹಿಣಿಯ ಒಡೆಯನಾಗಿದ್ದವನು ಸಂಜಯನೊಬ್ಬನ ಜೊತೆ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಾನೆ. ಗುರು ದ್ರೋಣನ ಕಳೇಬರವನ್ನು ಕಾಣುತ್ತಾನೆ. ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಪ್ರಾಣಮಿತ್ರ ಕರ್ಣನನ್ನು ಕಾಣುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು ಕೈ ಮುಗಿದು, ಅಂಥ ವೀರಮರಣ ತನಗೂ ಬರಲಿ ಎಂದು ಹಾರೈಸುತ್ತಾನೆ. ಮುದಿ ತಂದೆತಾಯಿಗಳು ಸಂಧಿಗಾಗಿ ಅಂಗಲಾಚುತ್ತಾರೆ. ಶರಶಯ್ಯೆಯ ಮೇಲಿರುವ ಭೀಷ್ಮನೂ ಅದನ್ನೇ ಹೇಳುತ್ತಾನೆ. ದುರ್ಯೋಧನ ಒಪ್ಪುವುದಿಲ್ಲ. ತಾನು ಇನ್ನೂ ಆಯುಧವನ್ನು ಕೆಳಗಿಡದಿರುವುದು ರಾಜ್ಯದ ಆಸೆಯಿಂದಲ್ಲ, ಹಿಡಿದ ಛಲವನ್ನು ಬಿಡಲಾರದೆ ಎಂದು ಅವನು ತಿಳಿಸುವಾಗ, ಮಾತು ಸೋತವನ ಬಾಯಿಂದ ಬಂದಂತೆ ಕೇಳುವುದಿಲ್ಲ.

ಭೀಷ್ಮನ ಸೂಚನೆಯಂತೆ ಒಂದು ದಿನವನ್ನು ಕಳೆಯಲು ಅವನು ವೈಶಂಪಾಯನ ಸರೋವರದ ತಳದಲ್ಲಿ ಅಡಗುತ್ತಾನೆ. ದಡದ ಮೇಲೆ ನಿಂತ ಭೀಮ ಮೂದಲಿಸುತ್ತಾನೆ. ನೀರಿನ ಆಳದಲ್ಲಿ ಕುಳಿತವನ ಮೈ ರೋಷದಿಂದ ಬೆವರಿತು ಎಂದು ರನ್ನ ವರ್ಣಿಸಿದ್ದಾನೆ. ತಣ್ಣನೆಯ ನೀರು ಸುತ್ತ ಒತ್ತಿಕೊಂಡಿರುವಾಗ ಬರುವ ಆ ಬೆವರಿಗಿಂತ ತೀವ್ರವಾದ ಚಿತ್ರ ಕನ್ನಡ ಕಾವ್ಯದಲ್ಲಿ ವಿರಳ. ಅಡಗಿದ್ದರೆ ಬದುಕುತ್ತಾನೆ, ಎದ್ದರೆ ಸಾವು. ಅವನು ಏಳುತ್ತಾನೆ.

ದುರ್ಯೋಧನನನ್ನು ರನ್ನ ಒಳ್ಳೆಯವನನ್ನಾಗಿ ಮಾಡಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅಪಮಾನವನ್ನು ಕಾವ್ಯ ಮರೆಯುವುದಿಲ್ಲ. ಬಿಚ್ಚಿದ ಅವಳ ಮುಡಿಯೇ ಭೀಮನನ್ನು ಮುನ್ನಡೆಸುತ್ತದೆ. ಭೀಮನದೂ ಛಲವೇ. ಹದಿಮೂರು ವರ್ಷ ಹೊತ್ತ ಪ್ರತಿಜ್ಞೆ ಅವನದು. ಎರಡು ಛಲಗಳು ಗದೆ ಹಿಡಿದು ಎದುರಾದಾಗ ಒಂದರಲ್ಲಿ ನ್ಯಾಯವಿದೆ, ಇನ್ನೊಂದರಲ್ಲಿ ಇಲ್ಲ. ಹಿಡಿತದ ಬಲ ಮಾತ್ರ ಎರಡರಲ್ಲಿಯೂ ಒಂದೇ. ಕೊರಿಯದ ಮಾತಿನಲ್ಲಿ ವಿಷವೂ ಗುಣವೂ ಬೆರೆತಿರುವುದು ನಮಗೆ ವಿಚಿತ್ರವೆನಿಸಿದ್ದರೆ, ರನ್ನನ ದುರ್ಯೋಧನನನ್ನು ನೆನೆಯಬಹುದು. ಅವನ ಮನಸ್ಸಿನಲ್ಲಿರುವುದು ಹೆಚ್ಚು ಕಡಮೆ ಆ ಮಿಶ್ರಣವೇ.

ಛಲದ ಹತ್ತಿರದ ಸಂಬಂಧಿಗಳಾದ ಹಠ, ಜಿದ್ದುಗಳನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ಹಠ ಸಂಸ್ಕೃತದ್ದು; ಬಲಾತ್ಕಾರ ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ಅದು ಹೆಚ್ಚಾಗಿ ಮಕ್ಕಳ ಪಾಲಿಗೆ ಬಂದಿದೆ. ಜಿದ್ದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದುದು. ವಿರೋಧ, ಎದುರು ಎಂದು ಅದರ ಅರ್ಥ. ವಿಜಾಪುರದ ಆದಿಲಶಾಹಿಗಳು 1490ರಿಂದ 1686ರವರೆಗೆ ಆಳಿದ ಪ್ರದೇಶದಲ್ಲಿ ಇಂಥ ಶಬ್ದಗಳು ನೆಲೆಗೊಂಡುದರಲ್ಲಿ ಆಶ್ಚರ್ಯವಿಲ್ಲ. ಛಲವನ್ನು ಒಬ್ಬನೇ ಹಿಡಿಯಬಹುದು. ಜಿದ್ದಿಗೆ ಎದುರಿಗೆ ಇನ್ನೊಬ್ಬನು ಇರಲೇಬೇಕು.

ಮುಧೋಳದ ಹೆಸರನ್ನು ಹೇಳಿದೊಡನೆ ಅನೇಕರಿಗೆ ನೆನಪಾಗುವುದು ಅಲ್ಲಿನ ಬೇಟೆನಾಯಿ. ನೀಳವಾದ ತಲೆ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ನೋಡಿದವರು ಇದಕ್ಕೆ ಅನ್ನವಿಕ್ಕುವವರಿಲ್ಲವೇ ಎಂದು ಕೇಳುವಂತಿರುತ್ತದೆ. ಇದು ಮೂಸಿ ಬೇಟೆಯಾಡುವ ಜಾತಿಯದಲ್ಲ. ಕಣ್ಣಿನಿಂದ ಕಂಡು ಓಡಿ ಹಿಡಿಯುವ ಜಾತಿಯದು. ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಶ್ರದ್ಧೆಯಿಂದ ಬೆಳೆಸಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆ ಸೀಮೆಯ ಜನ ಇಂಥ ಬಲಕ್ಕೆ ಬಳಸಬಹುದಾದ ಮಾತು ‘ಕಸುವು’. ಭೂಮಿಗೆ ಕಸುವಿದೆ, ಎತ್ತಿಗೆ ಕಸುವಿದೆ, ತೋಳಿಗೆ ಕಸುವಿದೆ. ಕಸುವು ಮೈಯದು. ಛಲದ ಮಾತು ಬಂದಾಗ ಮತ್ತೆ ಮನುಷ್ಯರ ಕಡೆಗೇ ತಿರುಗಬೇಕಾಗುತ್ತದೆ.

ಮುಧೋಳ ತಾಲ್ಲೂಕಿನಲ್ಲಿ ಹಲಗಲಿ ಎಂಬ ಗ್ರಾಮವಿದೆ. 1857ರಲ್ಲಿ ಉತ್ತರ ಭಾರತದಲ್ಲಿ ದಂಗೆಯೆದ್ದಾಗ, ಅದು ದಕ್ಷಿಣಕ್ಕೆ ಹರಡೀತೆಂಬ ಭಯದಿಂದ ಇಂಗ್ಲಿಷ್ ಸರ್ಕಾರ ಜನರಲ್ಲಿರುವ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಮಾಡಿತು. ಕಚೇರಿಯಲ್ಲಿ ಕುಳಿತವರಿಗೆ ಅದು ಒಂದು ಸಣ್ಣ ಏರ್ಪಾಡಾಗಿ ಕಂಡಿರಬೇಕು. ಹಲಗಲಿಯ ಬೇಡರಿಗೆ ಹಾಗಿರಲಿಲ್ಲ. ಬೇಟೆ ಅವರ ಕಸುಬು. ಕತ್ತಿ, ಬಿಲ್ಲು, ಬಂದೂಕುಗಳು ಅನ್ನದ ಸಾಧನಗಳು. ಅದಕ್ಕಿಂತ ಹೆಚ್ಚಾಗಿ ಮಾನದ ಗುರುತುಗಳು. ಆಯುಧವನ್ನು ಕೊಟ್ಟ ಮೇಲೆ ಇದ್ದೂ ಇಲ್ಲದಂತೆ ಎಂಬುದು ಅವರ ಭಾವನೆಯಾಗಿತ್ತು. ಹನುಮ, ಬಾಲ, ಜಡಗ, ರಾಮ ಎಂಬ ಮುಂದಾಳುಗಳು ಊರವರನ್ನು ಕೂಡಿಸಿದರು. ಆಯುಧ ಕೊಡಬಾರದೆಂದು ನಿಶ್ಚಯವಾಯಿತು. ಸಂಧಾನದ ಮಾತುಗಳು ಫಲಿಸಲಿಲ್ಲ.

ಆ ವರ್ಷದ ನವೆಂಬರ್ ತಿಂಗಳ ಕೊನೆಯಲ್ಲಿ ಕುದುರೆಯ ದಂಡು ಹಲಗಲಿಯನ್ನು ಮುತ್ತಿತು. ಒಂದು ಹಳ್ಳಿಯ ಬೇಟೆಗಾರರು ಸಾಮ್ರಾಜ್ಯದ ಸೈನ್ಯವನ್ನು ಎದುರಿಸಿ ನಿಂತರು. ಗೆಲ್ಲುವ ಆಸೆ ಅವರಿಗೆ ಇದ್ದಿರಲಾರದು. ಊರಿಗೆ ಬೆಂಕಿಯಿಡಲಾಯಿತು. ಹೋರಾಡಿದವರೂ, ಮನೆಯೊಳಗೆ ಸಿಕ್ಕಿಕೊಂಡವರೂ ಮಡಿದರು, ಬಹುಮಂದಿ ಸೆರೆಸಿಕ್ಕರು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು, ಕೆಲವರನ್ನು ಮುಧೋಳದಲ್ಲಿಯೂ ಕೆಲವರನ್ನು ಹಲಗಲಿಯಲ್ಲಿಯೂ, ಜನರೆದುರಿಗೆ ಗಲ್ಲಿಗೇರಿಸಿದರು.

ಆಯುಧಗಳನ್ನು ಒಪ್ಪಿಸಿಬಿಟ್ಟಿದ್ದರೆ ಊರು ಉಳಿಯುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆ ಅನುಚಿತವಲ್ಲ. ಹಲಗಲಿಯ ಬೂದಿಯ ಮುಂದೆ ಕುಳಿತ ಮುದುಕಿಯರು ಅದನ್ನೇ ಕೇಳಿಕೊಂಡಿದ್ದರೂ ಇರಬಹುದು. ದುರ್ಯೋಧನನ ಛಲಕ್ಕೂ ಇವರದಕ್ಕೂ ಇರುವ ಅಂತರ ದೊಡ್ಡದು. ಅವನು ಇತರರದನ್ನು ಕೊಡಲೊಲ್ಲದೆ ನಿಂತವನು. ಇವರು ತಮ್ಮದನ್ನು ಕೊಡಲೊಲ್ಲದೆ ನಿಂತವರು. ಆದರೂ ಜನ ಎರಡಕ್ಕೂ ಬಳಸುವುದು ಒಂದೇ ಮಾತನ್ನು. ಭಾಷೆ ಹಿಡಿತವನ್ನು ಮಾತ್ರ ಹೇಳುತ್ತದೆ. ಕೈಯಲ್ಲಿ ಏನಿದೆ ಎಂಬುದನ್ನು ನಾವೇ ನೋಡಬೇಕು.

ಈ ಘಟನೆಯನ್ನು ಕುರಿತ ಲಾವಣಿ ಆ ಸೀಮೆಯಲ್ಲಿ ಹುಟ್ಟಿ ಬಾಯಿಂದ ಬಾಯಿಗೆ ಹರಿಯಿತು. ಅದನ್ನು ಮೊದಲು ಅಚ್ಚಿಗೆ ತಂದವನು, ಊರನ್ನು ಸುಟ್ಟ ಸರ್ಕಾರದ ಅಧಿಕಾರಿಗಳಲ್ಲಿ ಒಬ್ಬನೇ. ಶಾಸನಗಳ ವಿದ್ವಾಂಸನೆಂದು ಹೆಸರಾದ ಜಾನ್ ಫೇಯ್ತ್‌ಫುಲ್ ಫ್ಲೀಟ್ ಈ ಭಾಗದಲ್ಲಿ ಕೆಲಸದಲ್ಲಿದ್ದಾಗ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, 1885ರಲ್ಲಿ ‘ಇಂಡಿಯನ್ ಆ್ಯಂಟಿಕ್ವೆರಿ’ ಎಂಬ ವಿದ್ವತ್ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದನು. ಮುಂದೆ ಅದು ಪ್ರೌಢಶಾಲೆಯ ಕನ್ನಡ ಪಠ್ಯದಲ್ಲಿಯೂ ಸ್ಥಾನವನ್ನು ಪಡೆಯಿತು. ಹಾಡಿನ ಕೊನೆಯಲ್ಲಿ, ದಂಡಿನವರು ಊರಿನಿಂದ ಕೊಳ್ಳೆ ಹೊಡೆದ ವಸ್ತುಗಳನ್ನು ಲಾವಣಿಕಾರ ಒಂದೊಂದಾಗಿ ಎಣಿಸುತ್ತಾನೆ. ಬಂಗಾರದ ರಾಶಿ ಅದರಲ್ಲಿಲ್ಲ. ಕೊಡಲಿ, ಕಬ್ಬಿಣ, ಹಾಲು, ಬೆಣ್ಣೆ, ಉಪ್ಪು, ಅರಿಸಿನ, ಊಟದ ಗಂಗಾಳ, ಹೆಂಗಸರ ಮಂಗಳಸೂತ್ರ. ಬೀಸುವ ಕಲ್ಲನ್ನೂ ಅವರು ಬಿಟ್ಟು ಹೋಗಲಿಲ್ಲ.